ಜಠರದ ಕ್ಯಾನ್ಸರ್: ದುರ್ಬೀನಿನಿಂದ ತೆಗೆಯುವುದು, ಕತ್ತಿಯಿಂದ ತೆಗೆಯುವುದು

ಡಿಚೋಲಿ, ಸಾಂಖಳಿ, ಸತ್ತರಿ ಕಡೆ ಗೇರು ತೋಟದಲ್ಲಿ ಕೆಲಸ ಮಾಡುವವರಿಗೆ ಕಾಂಡಕೊರಕ ಹುಳುವಿನ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಮರದ ಬುಡದಲ್ಲಿ ಸಣ್ಣ ತೂತು, ಅದರಿಂದ ಒಸರುವ ಅಂಟು, ಮರದ ಪುಡಿಯಂಥ ಹಿಕ್ಕೆ. ಮೇಲೆ ನೋಡಿದರೆ ಎಲೆ ಹಸಿರಾಗಿಯೇ ಇರುತ್ತದೆ. ಆ ಹಂತದಲ್ಲಿ ತೊಗಟೆಯನ್ನು ಉಳಿಯಿಂದ ಕೆತ್ತಿ, ಹುಳುವನ್ನು ಹೊರಗೆಳೆದು, ಬೇವಿನ ಎಣ್ಣೆ ಸವರಿದರೆ ಮರ ಉಳಿಯುತ್ತದೆ. ಎಲೆ ಹಳದಿಯಾಗಿ, ಬುಡದ ತೊಗಟೆ ಅರ್ಧಕ್ಕಿಂತ ಹೆಚ್ಚು ತಿಂದುಹೋದ ಮೇಲೆ ಉಳಿಯಿಂದ ಪ್ರಯೋಜನವಿಲ್ಲ. ಪಕ್ಕದ ಮರಗಳನ್ನು ಉಳಿಸಲು ಅದನ್ನು ಬೇರುಸಹಿತ ತೆಗೆಯಬೇಕಾಗುತ್ತದೆ. ಈ ಸಲ ನಾವು ಬರೆಯುತ್ತಿರುವುದು ಗೇರು ಮರದ ಬಗ್ಗೆಯಲ್ಲ, ಮನುಷ್ಯನ ಜಠರದ ಬಗ್ಗೆ. ಆದರೆ ಜಠರದ ಕ್ಯಾನ್ಸರಿನಲ್ಲೂ ಲೆಕ್ಕ ಬಹುಮಟ್ಟಿಗೆ ಇದೇ. ಬೇಗ ಕಂಡರೆ ಹೊಟ್ಟೆಯನ್ನು ಕೊಯ್ಯದೆಯೇ, ಬಾಯಿಯ ಮೂಲಕ ನಳಿಕೆ ಇಳಿಸಿ ತೆಗೆಯಬಹುದು. ತಡವಾದರೆ ಜಠರವನ್ನೇ ತೆಗೆಯಬೇಕು. ಇನ್ನೂ ತಡವಾದರೆ ತೆಗೆದೂ ಲಾಭವಿಲ್ಲ.

ಇದನ್ನು ಬರೆಯಲು ಒಂದು ಕಾರಣವಿದೆ. ವಿಜಾಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ಬಂದು ಇಲ್ಲಿ ನೆಲೆಸಿ ದುಡಿಯುವ ನಮ್ಮ ಜನರಲ್ಲಿ ಹೊಟ್ಟೆಯ ತೊಂದರೆಗೆಲ್ಲ ಒಂದೇ ಹೆಸರು, 'ಗ್ಯಾಸ್'. ಅದಕ್ಕೆ ಒಂದೇ ಮದ್ದು, ಅಂಗಡಿಯಲ್ಲಿ ಸಿಗುವ ಪುಡಿ ಅಥವಾ ಔಷಧಿ ಅಂಗಡಿಯ ಗುಳಿಗೆ. ದಿನಗೂಲಿಯವನಿಗೆ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಸಂಬಳ ಹೋದಂತೆ. ಇದನ್ನು ನಾವು ತಪ್ಪೆಂದು ಬೆರಳು ತೋರಿಸಿ ಹೇಳುತ್ತಿಲ್ಲ. ಆದರೆ ಆಮ್ಲ ಕಡಿಮೆ ಮಾಡುವ ಈ ಗುಳಿಗೆಗಳಿಗೆ ಒಂದು ವಿಚಿತ್ರ ಗುಣವಿದೆ: ಕ್ಯಾನ್ಸರಿನ ಹುಣ್ಣನ್ನೂ ಅವು ಕೆಲವು ವಾರಗಳ ಕಾಲ ಮಾಯಿಸಿದಂತೆ ಮಾಡಬಲ್ಲವು. ನೋವು ನಿಲ್ಲುತ್ತದೆ, ಹುಣ್ಣಿನ ಮೇಲೆ ತೆಳುವಾದ ಪೊರೆಯೂ ಬರುತ್ತದೆ, ಕೆಳಗೆ ರೋಗ ಮುಂದುವರಿಯುತ್ತದೆ. 'ಗುಳಿಗೆಯಿಂದ ಗುಣವಾಯಿತು' ಎಂದವರು ಆರು ತಿಂಗಳ ನಂತರ ತೂಕ ಇಳಿದು ಬರುವುದು ಹೀಗೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. 'ಹೊಟ್ಟೆ ಕ್ಯಾನ್ಸರ್' ಎಂದು ನಾವು ಆಡುಮಾತಿನಲ್ಲಿ ಹೇಳುವುದರಲ್ಲಿ ಹಲವು ರೋಗಗಳು ಸೇರಿವೆ. ಗೋವೆಯ ಮುಖ್ಯಮಂತ್ರಿಯಾಗಿದ್ದ ಮನೋಹರ ಪರ್ರಿಕರ್ ಅವರು 2019ರ ಮಾರ್ಚ್ 17ರಂದು ತೀರಿಕೊಂಡಾಗ ಹಲವರು ಹಾಗೆಯೇ ಹೇಳಿದರು. ಅವರಿಗೆ ಇದ್ದದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಆ ಗ್ರಂಥಿ ಜಠರದ ಹಿಂದೆ, ಬೆನ್ನಿಗೆ ಒತ್ತಿಕೊಂಡು ಮಲಗಿರುತ್ತದೆ. ಅದರ ರೋಗ ಬೇರೆ, ಚಿಕಿತ್ಸೆ ಬೇರೆ. ಕರುಳಿನದು ಇನ್ನೂ ಬೇರೆ. ಇಲ್ಲಿ ಹೇಳುವುದು ಅನ್ನನಾಳ ಮತ್ತು ಸಣ್ಣಕರುಳಿನ ನಡುವೆ ಇರುವ, ಉಂಡ ಅನ್ನ ಮೊದಲು ಬಂದು ಬೀಳುವ ಆ ಚೀಲದ ಬಗ್ಗೆ ಮಾತ್ರ.

ಆ ಚೀಲದ ಗೋಡೆಗೆ ಪದರಗಳಿವೆ. ಒಳಗಡೆ ಮೃದುವಾದ ಲೋಳೆಪೊರೆ, ಅದರ ಕೆಳಗೆ ರಕ್ತನಾಳಗಳಿರುವ ಸಡಿಲ ಪದರ, ಆಮೇಲೆ ದಪ್ಪನೆಯ ಸ್ನಾಯು, ಹೊರಗೆ ತೆಳುವಾದ ಹೊದಿಕೆ. ಸಾಮಾನ್ಯ ಜಠರ ಕ್ಯಾನ್ಸರ್ ಹುಟ್ಟುವುದು ಲೋಳೆಪೊರೆಯಲ್ಲಿ. ಅಲ್ಲಿಂದ ಅದು ಕೆಳಗೆ ಇಳಿಯುತ್ತ ಹೋಗುತ್ತದೆ. ರೋಗಿಯ ಗತಿಯನ್ನು ನಿರ್ಧರಿಸುವುದು ಗಡ್ಡೆಯ ಅಗಲಕ್ಕಿಂತ ಹೆಚ್ಚಾಗಿ ಅದು ಇಳಿದ ಆಳ. ಮೇಲಿನ ಎರಡು ಪದರಗಳಲ್ಲೇ ಇದ್ದರೆ ಅದನ್ನು 'ಆರಂಭದ ಕ್ಯಾನ್ಸರ್' ಎನ್ನುತ್ತಾರೆ. ಈ ವ್ಯಾಖ್ಯೆಯನ್ನು 1962ರಲ್ಲಿ ಜಪಾನಿನ ವೈದ್ಯರು ಮಾಡಿದರು. ಆ ಹಂತದಲ್ಲಿ ಚಿಕಿತ್ಸೆ ಪಡೆದವರಲ್ಲಿ ಅಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ಸ್ನಾಯುವನ್ನು ದಾಟಿ, ಸುತ್ತಲಿನ ದುಗ್ಧರಸ ಗ್ರಂಥಿಗಳಿಗೆ ಹೋದ ಮೇಲೆ ಆ ಸಂಖ್ಯೆ ಬೇಗ ಬೇಗ ಕುಸಿಯುತ್ತದೆ.

ತೊಂದರೆಯೆಂದರೆ ಆರಂಭದ ಹಂತದಲ್ಲಿ ರೋಗಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾದರೂ ಅದು ಹೊಟ್ಟೆಯುಬ್ಬರ, ಹುಳಿತೇಗು, ಅಷ್ಟೇ. ಆದುದರಿಂದ ಕೆಲವು ಲಕ್ಷಣಗಳನ್ನು ಕಂಡಾಗ ಕಾಯಬಾರದು. ನಲವತ್ತೈದು ದಾಟಿದವರಿಗೆ ಹೊಸದಾಗಿ ಶುರುವಾದ ಅಜೀರ್ಣ, ಸ್ವಲ್ಪ ಉಂಡರೆ ಹೊಟ್ಟೆ ತುಂಬಿದಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದಿನ ದಿನ ಉಂಡದ್ದು ಮರುದಿನ ವಾಂತಿಯಾಗುವುದು, ನುಂಗಲು ಕಷ್ಟವಾಗುವುದು, ರಕ್ತ ಕಡಿಮೆಯಾಗಿ ಮುಖ ಬಿಳಿಚಿಕೊಳ್ಳುವುದು. ಎಲ್ಲಕ್ಕಿಂತ ಮುಖ್ಯವಾದುದು ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ ಮಲ. ಜಠರದಲ್ಲಿ ಒಸರಿದ ರಕ್ತ ಆಮ್ಲದಲ್ಲಿ ಬೆಂದು ಕೆಳಗೆ ಬರುವಾಗ ಹಾಗಾಗುತ್ತದೆ. (ಕಬ್ಬಿಣದ ಗುಳಿಗೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಅವರು ಗಾಬರಿಯಾಗಬೇಕಾಗಿಲ್ಲ, ಆದರೆ ಗಂಡಸರಿಗೆ ರಕ್ತ ಏಕೆ ಕಡಿಮೆಯಾಯಿತು ಎಂದು ನೋಡದೆ ಬರೀ ಕಬ್ಬಿಣದ ಗುಳಿಗೆ ಕೊಟ್ಟು ಕಳಿಸುವುದನ್ನು ನಾವು ಒಪ್ಪುವುದಿಲ್ಲ.) ಮುಟ್ಟು ನಿಂತ ಹೆಂಗಸರ ವಿಷಯದಲ್ಲೂ ಇದೇ ಮಾತು.

ದುರ್ಬೀನು ಹಾಕಿ ನೋಡುವುದು

ಎಂಡೋಸ್ಕೋಪಿಗೆ ನಮ್ಮ ಕಡೆಯವರು 'ದುರ್ಬೀನು ಹಾಕುವುದು' ಎನ್ನುತ್ತಾರೆ. ಒಳ್ಳೆಯ ಮಾತು, ಅದನ್ನೇ ಬಳಸೋಣ. ಇದರ ಕಥೆ ಸ್ವಾರಸ್ಯವಾಗಿದೆ. 1868ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯರು ಜಾತ್ರೆಯಲ್ಲಿ ಕತ್ತಿ ನುಂಗುವವನೊಬ್ಬನನ್ನು ಕರೆಸಿ, ಕತ್ತಿಯ ಬದಲು ನೇರವಾದ ಲೋಹದ ನಳಿಕೆ ನುಂಗಿಸಿ ಒಳಗೆ ಇಣುಕಿದರು. ಬೆಳಕು ಸಾಲದೆ ಹೆಚ್ಚೇನೂ ಕಾಣಲಿಲ್ಲ. 1932ರಲ್ಲಿ ಶಿಂಡ್ಲರ್ ಎಂಬವರು ಸ್ವಲ್ಪ ಬಾಗುವ ನಳಿಕೆ ಮಾಡಿಸಿದರು. 1957ರಲ್ಲಿ ಅಮೆರಿಕದಲ್ಲಿ ಬೇಸಿಲ್ ಹಿರ್ಷೊವಿಟ್ಜ್ ಅವರು ಗಾಜಿನ ಎಳೆಗಳಿಂದ ಮಾಡಿದ, ಹಗ್ಗದಂತೆ ಬಾಗುವ ದುರ್ಬೀನನ್ನು ಮೊದಲು ತಮ್ಮದೇ ಗಂಟಲಿಗೆ ಇಳಿಸಿಕೊಂಡು ನೋಡಿದರು, ಆಮೇಲೆ ರೋಗಿಗೆ. ಈಗಿನದು ಸುಮಾರು ಒಂದು ಸೆಂಟಿಮೀಟರ್ ದಪ್ಪದ, ತುದಿಯಲ್ಲಿ ಕ್ಯಾಮೆರಾ ಇರುವ ನಳಿಕೆ. ಆರೆಂಟು ಗಂಟೆ ಏನೂ ತಿನ್ನದೆ ಬರಬೇಕು. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸುತ್ತಾರೆ. ಬರೀ ನೋಡುವುದಾದರೆ ಐದು ಹತ್ತು ನಿಮಿಷದ ಕೆಲಸ. ಓಕರಿಕೆ ಬರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ನೋವಿಲ್ಲ, ಮತ್ತು ಅದೇ ದಿನ ಮನೆಗೆ ಹೋಗಬಹುದು.

ಹುಣ್ಣು ಕಂಡರೆ ಅದರ ಅಂಚಿನಿಂದ ಅಕ್ಕಿಕಾಳಿಗಿಂತ ಸಣ್ಣ ಆರೆಂಟು ಚೂರುಗಳನ್ನು ಚಿವುಟಿ ಪರೀಕ್ಷೆಗೆ ಕಳಿಸುತ್ತಾರೆ. ಇದೇ ಬಯಾಪ್ಸಿ. ಒಂದೇ ಚೂರು ಸಾಲದು, ಏಕೆಂದರೆ ಒಂದು ಕಡೆ ಸಾದಾ ಹುಣ್ಣು, ಇನ್ನೊಂದು ಕಡೆ ಕ್ಯಾನ್ಸರ್ ಇರಬಹುದು. ವರದಿ ಒಳ್ಳೆಯದಾಗಿ ಬಂದರೂ ಜಠರದ ಹುಣ್ಣಿಗೆ ಔಷಧಿ ಮುಗಿದ ಮೇಲೆ, ಎರಡು ಮೂರು ತಿಂಗಳೊಳಗೆ ಇನ್ನೊಮ್ಮೆ ದುರ್ಬೀನು ಹಾಕಿ ಮಾಯ್ದದ್ದನ್ನು ಖಚಿತಪಡಿಸಿಕೊಳ್ಳುವಂತೆ ವೈದ್ಯರು ಹೇಳುವುದುಂಟು. ಆ ಎರಡನೆಯ ಸಲಕ್ಕೆ ಬಹಳಷ್ಟು ಜನ ಹೋಗುವುದೇ ಇಲ್ಲ. ನೋವು ನಿಂತಿದೆಯಲ್ಲ ಎನ್ನುತ್ತಾರೆ. ಮೇಲೆ ಹೇಳಿದ ಗುಳಿಗೆಯ ಗುಣವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಇನ್ನೊಂದು ಹೆದರಿಕೆ: 'ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ' ಎಂಬುದು. ಜಠರದ ಬಯಾಪ್ಸಿಯಿಂದ ಹಾಗಾಗುವುದಿಲ್ಲ. ತಡವಾಗಿ ಪರೀಕ್ಷೆ ಮಾಡಿಸಿ, ಆಗಲೇ ಹರಡಿದ್ದ ರೋಗ ಹೊರಬಿದ್ದಾಗ ಜನರು ತಪ್ಪನ್ನು ಪರೀಕ್ಷೆಯ ಮೇಲೆ ಹೊರಿಸುತ್ತಾರೆ.

ನೋಡುವ ಉಪಕರಣವೇ ಕತ್ತರಿಸುವ ಉಪಕರಣವೂ ಆದದ್ದು ಜಪಾನಿನಲ್ಲಿ. ಅಲ್ಲಿ ಈ ರೋಗ ಬಹಳ. ಆದುದರಿಂದ 1983ರಿಂದ ಸರಕಾರವೇ ತಪಾಸಣೆ ನಡೆಸುತ್ತ ಬಂದಿದೆ; ಕೊರಿಯದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ. ಹೀಗೆ ಹುಡುಕಿದಾಗ ನಾಣ್ಯದಷ್ಟು ಅಗಲದ, ಲೋಳೆಪೊರೆಯಲ್ಲೇ ಇರುವ ಕ್ಯಾನ್ಸರುಗಳು ಸಾವಿರಾರು ಸಿಕ್ಕವು. ಇಷ್ಟಕ್ಕೆ ಜಠರವನ್ನೇ ಕೊಯ್ಯಬೇಕೇ ಎಂಬ ಪ್ರಶ್ನೆ ಎದ್ದಿತು. 1980ರ ದಶಕದಲ್ಲಿ ಆ ಭಾಗಕ್ಕೆ ತಂತಿಯ ಕುಣಿಕೆ ಹಾಕಿ ಕತ್ತರಿಸುವ ವಿಧಾನ ಬಂತು. ಆದರೆ ಎರಡು ಸೆಂಟಿಮೀಟರಿಗಿಂತ ದೊಡ್ಡದನ್ನು ಅದು ಚೂರುಚೂರಾಗಿ ತೆಗೆಯುತ್ತಿತ್ತು, ಪೂರ್ತಿ ಬಂತೋ ಇಲ್ಲವೋ ಎಂದು ಹೇಳುವುದು ಕಷ್ಟವಾಗುತ್ತಿತ್ತು. 1990ರ ದಶಕದ ಕೊನೆಗೆ ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ವೈದ್ಯರು ತುದಿಯಲ್ಲಿ ಪಿಂಗಾಣಿಯ ಸಣ್ಣ ಗುಂಡು ಇರುವ ವಿದ್ಯುತ್ ಕತ್ತಿಯಿಂದ ಇಡಿಯಾಗಿ ಬಿಡಿಸುವ ವಿಧಾನವನ್ನು ರೂಢಿಗೆ ತಂದರು. ಗುಂಡು ಏಕೆಂದರೆ, ಕತ್ತಿಯ ಮೊನೆ ಜಠರದ ಗೋಡೆಯನ್ನು ತೂತು ಮಾಡಬಾರದು.

ಕೆಲಸ ನಡೆಯುವುದು ಹೀಗೆ. ರೋಗಿಗೆ ನಿದ್ದೆ ಬರಿಸುತ್ತಾರೆ. ಗಡ್ಡೆಯ ಸುತ್ತ ಸ್ವಲ್ಪ ಜಾಗ ಬಿಟ್ಟು ಚುಕ್ಕೆಗಳನ್ನು ಸುಟ್ಟು ಗುರುತು ಮಾಡುತ್ತಾರೆ. ಆಮೇಲೆ ಲೋಳೆಪೊರೆಯ ಕೆಳಗೆ ಸೂಜಿಯಿಂದ ಬಣ್ಣ ಬೆರೆಸಿದ ದ್ರವವನ್ನು ತುಂಬುತ್ತಾರೆ. ಸುಟ್ಟ ಗಾಯದ ಬೊಬ್ಬೆಯಂತೆ ಪೊರೆ ಮೇಲೇಳುತ್ತದೆ, ಸ್ನಾಯು ಕೆಳಗೆ ಉಳಿಯುತ್ತದೆ. ಚುಕ್ಕೆಗಳ ಹೊರಗಿನಿಂದ ಸುತ್ತಲೂ ಕೊಯ್ದು, ಬಳಿಕ ಹಲಸಿನ ತೊಳೆಯನ್ನು ರಚ್ಚೆಯಿಂದ ಬಿಡಿಸುವ ಹಾಗೆ ನಿಧಾನವಾಗಿ ಕೆಳಗಿನಿಂದ ಬಿಡಿಸುತ್ತಾರೆ. ಒಂದರಿಂದ ಎರಡು ಮೂರು ಗಂಟೆ ಹಿಡಿಯಬಹುದು. ತೆಗೆದ ತುಂಡನ್ನು ಬೆಂಡಿನ ಹಲಗೆಯ ಮೇಲೆ ಗುಂಡುಸೂಜಿಗಳಿಂದ ಹರಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಂಚುಗಳು ಸ್ವಚ್ಛವಾಗಿದ್ದು, ರೋಗ ಆಳಕ್ಕೆ ಇಳಿದಿಲ್ಲ, ರಕ್ತನಾಳ ಹೊಕ್ಕಿಲ್ಲ ಎಂದು ವರದಿ ಬಂದರೆ ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಹಾಗೆ ಬರದಿದ್ದರೆ ಶಸ್ತ್ರಚಿಕಿತ್ಸೆ ಬೇಕೇ ಬೇಕು. 'ದುರ್ಬೀನಿನಿಂದ ತೆಗೆದಾಯಿತಲ್ಲ, ಇನ್ನೇಕೆ ಕೊಯ್ಯಬೇಕು' ಎಂದು ಮನೆಯವರು ಹಟ ಹಿಡಿಯಬಾರದು. ಲೋಳೆಪೊರೆಯಲ್ಲೇ ಇರುವ ಕ್ಯಾನ್ಸರ್ ಗ್ರಂಥಿಗಳಿಗೆ ಹೋಗಿರುವುದು ನೂರಕ್ಕೆ ಕೆಲವರಲ್ಲಿ ಮಾತ್ರ. ಕೆಳಗಿನ ಪದರಕ್ಕೆ ಇಳಿದರೆ ಸುಮಾರು ಐವರಲ್ಲಿ ಒಬ್ಬರಲ್ಲಿ ಹೋಗಿರುತ್ತದೆ. ಬಾಯಿಯಿಂದ ಇಳಿಸಿದ ನಳಿಕೆಗೆ ಆ ಗ್ರಂಥಿಗಳು ಎಟುಕುವುದಿಲ್ಲ.

ಇದರಲ್ಲೂ ಅಪಾಯವಿಲ್ಲದೆ ಇಲ್ಲ. ರಕ್ತಸ್ರಾವ ಆಗಬಹುದು, ಗೋಡೆ ತೂತಾಗಬಹುದು. ಬಹುತೇಕ ಅಲ್ಲಿಯೇ ಸಣ್ಣ ಲೋಹದ ಚಿಮಟಿಗಳಿಂದ ಮುಚ್ಚುತ್ತಾರೆ. ಜಠರ ಪೂರ್ತಿ ಉಳಿಯುವುದರಿಂದ ಉಳಿದ ಭಾಗದಲ್ಲಿ ಹೊಸದು ಹುಟ್ಟುವ ಸಂಭವವೂ ಉಳಿಯುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ದುರ್ಬೀನು ತಪ್ಪಿಸುವಂತಿಲ್ಲ.

ಕತ್ತಿಯ ಕೆಲಸ

ನಮ್ಮಲ್ಲಿ ಸಾಮೂಹಿಕ ತಪಾಸಣೆ ಇಲ್ಲದ ಕಾರಣ ಹೆಚ್ಚಿನವರಿಗೆ ರೋಗ ಗೊತ್ತಾಗುವುದು ಸ್ನಾಯುವಿಗೆ ಇಳಿದ ಮೇಲೆ. ಆಗ ಗುಣಪಡಿಸುವ ದಾರಿ ಶಸ್ತ್ರಚಿಕಿತ್ಸೆಯೊಂದೇ. ಇದಕ್ಕೂ ದೀರ್ಘ ಇತಿಹಾಸವಿದೆ. 1879ರಲ್ಲಿ ಫ್ರಾನ್ಸಿನ ಪೇಯಾನ್, 1880ರಲ್ಲಿ ಪೋಲೆಂಡಿನ ರಿಡಿಗಿಯರ್ ಜಠರದ ಕೆಳಭಾಗವನ್ನು ಕೊಯ್ದು ತೆಗೆದರು. ಇಬ್ಬರ ರೋಗಿಗಳೂ ಉಳಿಯಲಿಲ್ಲ. 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್‌ರೋತ್ 43 ವರ್ಷದ ಹೆಂಗಸೊಬ್ಬಳ ಜಠರದ ತುದಿಯನ್ನು ಕ್ಯಾನ್ಸರ್ ಸಮೇತ ತೆಗೆದು, ಉಳಿದ ಭಾಗವನ್ನು ಕರುಳಿಗೆ ಹೊಲಿದರು. ಆಕೆ ಎದ್ದು, ಉಂಡು, ಮನೆಗೆ ಹೋದಳು. ಸುಮಾರು ನಾಲ್ಕು ತಿಂಗಳ ನಂತರ ರೋಗ ಬೇರೆ ಕಡೆ ಹರಡಿದ್ದರಿಂದ ತೀರಿಕೊಂಡಳು. ಜಠರವನ್ನು ಕೊಯ್ದರೂ ಮನುಷ್ಯ ಬದುಕಬಲ್ಲ, ಆದರೆ ಕಣ್ಣಿಗೆ ಕಂಡ ಗಡ್ಡೆಯನ್ನಷ್ಟೇ ತೆಗೆದರೆ ಸಾಲದು ಎಂಬ ಎರಡೂ ಪಾಠ ಆ ಒಂದು ಶಸ್ತ್ರಚಿಕಿತ್ಸೆಯಲ್ಲಿದ್ದವು. 1897ರಲ್ಲಿ ಜ್ಯೂರಿಕ್‌ನ ಶ್ಲಾಟರ್ ಪೂರ್ತಿ ಜಠರವನ್ನೇ ತೆಗೆದರು, ರೋಗಿ ಒಂದು ವರ್ಷಕ್ಕಿಂತ ಹೆಚ್ಚು ಬದುಕಿದಳು.

ಇಂದು ಗಡ್ಡೆ ಜಠರದ ಕೆಳಭಾಗದಲ್ಲಿದ್ದರೆ ಸುಮಾರು ಮೂರನೆಯ ಎರಡು ಭಾಗ ತೆಗೆದು ಮೇಲಿನ ಭಾಗವನ್ನು ಉಳಿಸುತ್ತಾರೆ. ಮೇಲಿದ್ದರೆ ಅಥವಾ ಗೋಡೆಯುದ್ದಕ್ಕೂ ಹಬ್ಬಿದ್ದರೆ ಪೂರ್ತಿ ತೆಗೆಯುತ್ತಾರೆ. ಪೂರ್ತಿ ತೆಗೆದಾಗ ಸಣ್ಣಕರುಳನ್ನು ಮೇಲೆಳೆದು ಅನ್ನನಾಳಕ್ಕೆ ಜೋಡಿಸುತ್ತಾರೆ. ಪಿತ್ತ ಬರುವ ಕರುಳಿನ ತುಂಡನ್ನು ಅದರ ಪಕ್ಕಕ್ಕೆ, ಕೆಳಗಡೆ ಹೊಲಿಯುತ್ತಾರೆ. ಮೂರು ದಾರಿ ಕೂಡುವ ಈ ಜೋಡಣೆ ಸ್ವಿಟ್ಜರ್ಲೆಂಡಿನ ಸೀಸರ್ ರೂ ಅವರ ಹೆಸರಿನಲ್ಲಿದೆ. ಪಿತ್ತ ಮೇಲಕ್ಕೆ ಉಕ್ಕಿ ಅನ್ನನಾಳವನ್ನು ಸುಡದಿರಲಿ ಎಂದು ಹೀಗೆ.

ಗಡ್ಡೆಯಷ್ಟೇ ಮುಖ್ಯವಾದುದು ಗ್ರಂಥಿಗಳು. ಜಠರಕ್ಕೆ ಅಂಟಿಕೊಂಡವು ಮಾತ್ರವಲ್ಲ, ಅದಕ್ಕೆ ರಕ್ತ ತರುವ ನಾಳಗಳ ಉದ್ದಕ್ಕೂ ಇರುವವನ್ನೂ ಬಿಡಿಸಿ ತೆಗೆಯಬೇಕೆಂದು ಜಪಾನಿನವರು ಹೇಳುತ್ತಿದ್ದರು. ಯುರೋಪಿನವರು ಬಹುಕಾಲ ಒಪ್ಪಲಿಲ್ಲ, ಅದರಿಂದ ಹೆಚ್ಚು ಜನ ಮೇಜಿನ ಮೇಲೆಯೇ ಕಷ್ಟಕ್ಕೀಡಾಗುತ್ತಾರೆ ಎಂದರು. ಹಾಲೆಂಡಿನ ದೊಡ್ಡ ಅಧ್ಯಯನವೊಂದರಲ್ಲಿ ಆರಂಭದಲ್ಲಿ ಅವರ ಮಾತೇ ನಿಜವೆನಿಸಿತು. ಆದರೆ ಅದೇ ರೋಗಿಗಳನ್ನು 15 ವರ್ಷ ಹಿಂಬಾಲಿಸಿ 2010ರಲ್ಲಿ ಲೆಕ್ಕ ಹಾಕಿದಾಗ, ಹೆಚ್ಚು ಗ್ರಂಥಿ ತೆಗೆಸಿಕೊಂಡವರಲ್ಲಿ ರೋಗ ಮರುಕಳಿಸಿದ್ದು ಕಡಿಮೆ, ಈ ಕ್ಯಾನ್ಸರಿನಿಂದ ಸತ್ತವರೂ ಕಡಿಮೆ. ನಡುವೆ ಗುಲ್ಮವನ್ನು ವೃಥಾ ತೆಗೆಯುವುದನ್ನು ಬಿಟ್ಟದ್ದರಿಂದ ಅಪಾಯವೂ ತಗ್ಗಿತು. ಹಾಗಾಗಿ ವರದಿ ಕೈಗೆ ಬಂದಾಗ ಎಷ್ಟು ಗ್ರಂಥಿ ಪರೀಕ್ಷಿಸಿದ್ದಾರೆ ಎಂದು ನೋಡಬಹುದು. ಹದಿನೈದು ಹದಿನಾರಕ್ಕಿಂತ ಕಡಿಮೆ ಇರಬಾರದು. ಇಂಥದನ್ನು ಕೇಳಿದರೆ ವೈದ್ಯರು ಸಿಟ್ಟಾಗುತ್ತಾರೆಂದು ನಾವು ಹೆದರಬೇಕಾಗಿಲ್ಲ.

ಹೊಟ್ಟೆಯನ್ನು ಉದ್ದಕ್ಕೆ ಸೀಳದೆ ನಾಲ್ಕೈದು ಸಣ್ಣ ರಂಧ್ರಗಳ ಮೂಲಕ ಮಾಡುವ ಕ್ರಮವನ್ನು 1991ರಲ್ಲಿ ಜಪಾನಿನ ಕಿಟಾನೊ ಆರಂಭಿಸಿದರು. ನುರಿತ ಕೈಯಲ್ಲಿ ಎರಡರ ಫಲವೂ ಒಂದೇ ಎಂದು 2019ರಲ್ಲಿ ಪ್ರಕಟವಾದ ಚೀನಾ, ಕೊರಿಯದ ಅಧ್ಯಯನಗಳು ಹೇಳಿವೆ. ಗಾಯ ಬೇಗ ಮಾಯುತ್ತದೆ ಎಂಬುದು ಲಾಭ. ರಂಧ್ರವೋ ಸೀಳುವುದೋ ಎಂಬುದಕ್ಕಿಂತ ಆ ವೈದ್ಯರು ಈ ಶಸ್ತ್ರಚಿಕಿತ್ಸೆಯನ್ನು ಆಗಾಗ ಮಾಡುವವರೇ ಎಂಬುದು ನಮ್ಮ ದೃಷ್ಟಿಯಲ್ಲಿ ಹೆಚ್ಚು ಮುಖ್ಯ.

ಈಗ ಆಸ್ಪತ್ರೆಯಲ್ಲಿ ರೋಗಿಗೆ 'ಮೊದಲು ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೀಮೋ' ಎನ್ನುತ್ತಾರೆ. ಆಪರೇಷನ್ ಮುಂದೂಡಿದರೆಂದು ಮನೆಯವರು ಗಾಬರಿಯಾಗುತ್ತಾರೆ. ಅದು ಕೈಬಿಟ್ಟ ಲಕ್ಷಣವಲ್ಲ. ಜರ್ಮನಿಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವಾರಕ್ಕೊಮ್ಮೆ ನಾಲ್ಕು ಸಲ ಮೊದಲು, ನಾಲ್ಕು ಸಲ ನಂತರ ಕೊಡುವ ಹೊಸ ಔಷಧಿಗಳ ಗುಂಪಿನಿಂದ, ರೋಗಿಗಳಲ್ಲಿ ಅರ್ಧದಷ್ಟು ಜನ 50 ತಿಂಗಳು ದಾಟಿದರು. ಹಳೆಯ ಔಷಧಿಗಳಿಂದ ಅದು 35 ತಿಂಗಳಾಗಿತ್ತು. ಕಣ್ಣಿಗೆ ಕಾಣದ ಬೀಜಗಳು ಆಗಲೇ ಉದುರಿರಬಹುದು, ಅವನ್ನು ಮೊದಲು ಕೊಲ್ಲುವುದು ಉದ್ದೇಶ.

ಕೊಯ್ಯುವ ಮೊದಲು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಮುಂದುವರಿದ ರೋಗವಿದ್ದರೆ ಹಲವೊಮ್ಮೆ ಒಂದು ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ನೋಡುತ್ತಾರೆ. ಸ್ಕ್ಯಾನಿಗೆ ಕಾಣದ, ಸಾಸಿವೆಯಷ್ಟು ಸಣ್ಣ ಗಂಟುಗಳು ಹೊಟ್ಟೆಯ ಪೊರೆಯ ಮೇಲೆ ಹರಡಿರುವುದುಂಟು. ಹಾಗಿದ್ದರೆ ಅಥವಾ ಯಕೃತ್ತಿಗೆ ಹೋಗಿದ್ದರೆ ಜಠರ ತೆಗೆದು ಆಯುಷ್ಯ ಹೆಚ್ಚುವುದಿಲ್ಲವೆಂದು ಈಗ ತಿಳಿದಿದೆ. ಆಗ ಔಷಧಿಯೇ ಚಿಕಿತ್ಸೆ. 'ತೆಗೆದರೆ ತೆಗೆಯಲಿ, ಒಳಗೆ ಯಾಕೆ ಇರಬೇಕು' ಎಂದು ಸಾಲ ಮಾಡಿ ಎಲ್ಲೋ ಒಂದು ಕಡೆ ಕೊಯ್ಯಿಸುವವರಿದ್ದಾರೆ. ರೋಗಿಯ ಉಳಿದ ತಿಂಗಳುಗಳು ಗಾಯ ಮಾಯಿಸುವುದರಲ್ಲೇ ಹೋಗುತ್ತವೆ. ಆದರೆ ಜಠರದ ಬಾಯಿ ಕಟ್ಟಿಕೊಂಡು ನೀರೂ ಇಳಿಯದಿದ್ದರೆ, ದುರ್ಬೀನಿನ ಮೂಲಕ ಜಾಲರಿಯ ಕೊಳವೆ ಕೂರಿಸಿಯೋ, ಜಠರವನ್ನು ಕರುಳಿಗೆ ಪಕ್ಕದಿಂದ ಜೋಡಿಸಿಯೋ ಉಣ್ಣುವಂತೆ ಮಾಡಬಹುದು. ಅದು ಗುಣಪಡಿಸುವುದಿಲ್ಲ. ಆದರೂ ಮಾಡಿಸತಕ್ಕದ್ದೇ.

ಜಠರದ ಗಡ್ಡೆಗಳೆಲ್ಲ ಒಂದೇ ಜಾತಿಯಲ್ಲ

ವರದಿಯಲ್ಲಿ 'ಗಡ್ಡೆ' ಎಂದು ಓದಿದ ಕೂಡಲೇ ಎದೆಗುಂದುವವರಿಗಾಗಿ ಇದನ್ನು ಬರೆಯುತ್ತೇವೆ. ಗೋಡೆಯ ಸ್ನಾಯುವಿನ ಪದರದಲ್ಲಿ ಹುಟ್ಟುವ 'ಜಿಸ್ಟ್' ಎಂಬ ಗಡ್ಡೆ ಇದೆ. ಇದು ಗ್ರಂಥಿಗಳಿಗೆ ಹೋಗುವುದು ಅಪರೂಪ, ಆದುದರಿಂದ ಗಡ್ಡೆಯಿರುವ ಗೋಡೆಯ ತುಂಡನ್ನಷ್ಟೇ ಕತ್ತರಿಸಿ ಹೊಲಿದರೆ ಸಾಮಾನ್ಯವಾಗಿ ಸಾಕು. ಕತ್ತರಿಸುವಾಗ ಅದು ಒಡೆಯಬಾರದು, ಅಷ್ಟೇ ಎಚ್ಚರ. ಮರುಕಳಿಸುವ ಸಂಭವ ಹೆಚ್ಚಿದ್ದರೆ ಇಮಾಟಿನಿಬ್ ಎಂಬ ಗುಳಿಗೆಯನ್ನು ಮೂರು ವರ್ಷ ಕೊಡುತ್ತಾರೆ. ಸ್ವಿಸ್ ಕಂಪನಿ ನೊವಾರ್ಟಿಸ್ ಇದಕ್ಕೆ ಭಾರತದಲ್ಲಿ ಕೇಳಿದ ಪೇಟೆಂಟನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿತು. ಅದರಿಂದಾಗಿ ದೇಶೀ ಕಂಪನಿಗಳ ಅಗ್ಗದ ಗುಳಿಗೆ ಬಡವರಿಗೂ ಸಿಗುತ್ತಿದೆ.

ಇನ್ನೊಂದು, ಜಠರದ ಲಿಂಫೋಮಾದ ನಿಧಾನಗತಿಯ ಬಗೆ. ಇದಕ್ಕೆ ಕತ್ತಿಯೂ ಬೇಡ, ಬಹುಪಾಲು ಕೀಮೋ ಸಹ ಬೇಡ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವನ್ನು ಎರಡು ವಾರದ ಔಷಧಿಯಿಂದ ಕೊಂದರೆ, ಆರಂಭದ ಹಂತದಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಗಡ್ಡೆಯೇ ಕರಗಿಹೋಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಂಥ ಉದಾಹರಣೆ ಬೇರೆ ಕಡೆ ಸಿಗುವುದು ಕಷ್ಟ. ಕಾರ್ಸಿನಾಯ್ಡ್ ಎಂಬ ಸಣ್ಣ ಗಂಟುಗಳೂ ಇವೆ. ಒಂದು ಸೆಂಟಿಮೀಟರಿಗಿಂತ ಚಿಕ್ಕವನ್ನು ದುರ್ಬೀನಿನಿಂದಲೇ ತೆಗೆಯುತ್ತಾರೆ ಅಥವಾ ನೋಡುತ್ತ ಇರುತ್ತಾರೆ.

ಆ ರೋಗಾಣುವಿನ ಬಗ್ಗೆ ಎರಡು ಮಾತು. 1982ರಲ್ಲಿ ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಇದನ್ನು ಕಂಡುಹಿಡಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ರೋಗಾಣುಗಳ ಕಷಾಯವನ್ನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕವೆಂದು ಪಟ್ಟಿ ಮಾಡಿತು. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಜಠರದಲ್ಲಿ ಇದಿದೆ. ಅವರಲ್ಲಿ ಕ್ಯಾನ್ಸರ್ ಆಗುವುದು 100ಕ್ಕೆ ಒಬ್ಬಿಬ್ಬರಿಗೆ ಮಾತ್ರ. ಹಾಗಾಗಿ ಎಲ್ಲರೂ ಔಷಧಿಗೆ ಓಡುವುದು ಬೇಡ. ಹುಣ್ಣಿದ್ದವರು, ಮನೆಯಲ್ಲಿ ತಂದೆತಾಯಿಗೋ ಒಡಹುಟ್ಟಿದವರಿಗೋ ಜಠರದ ಕ್ಯಾನ್ಸರ್ ಆಗಿದ್ದವರು ಪರೀಕ್ಷಿಸಿಕೊಳ್ಳಬೇಕು. ಔಷಧಿ ಶುರು ಮಾಡಿದರೆ 14 ದಿನವೂ ತಪ್ಪದೆ ನುಂಗಬೇಕು, ಅರ್ಧಕ್ಕೆ ಬಿಟ್ಟರೆ ರೋಗಾಣು ಮದ್ದಿಗೆ ಬಗ್ಗದಂತಾಗುತ್ತದೆ.

ಭಾರತದಲ್ಲಿ ಈ ಕ್ಯಾನ್ಸರ್ ಅತಿ ಹೆಚ್ಚಿರುವುದು ಮಿಜೋರಾಮಿನಲ್ಲಿ. ಹೊಗೆಯಲ್ಲಿ ಒಣಗಿಸಿದ ಮಾಂಸ, ತಂಬಾಕಿನ ಹೊಗೆ ಇಳಿಸಿದ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುವ ಚಟ, ಇವುಗಳ ಮೇಲೆ ಅಲ್ಲಿ ಸಂಶಯ. ಮುಂಬಯಿಗಿಂತ ಬೆಂಗಳೂರು, ಚೆನ್ನೈಗಳಲ್ಲಿಯೂ ಹೆಚ್ಚು. ಉಪ್ಪಿನಲ್ಲಿ ಕೆಡದಂತೆ ಇಟ್ಟ ಆಹಾರ ಜಾಸ್ತಿಯಾದರೆ ಅಪಾಯ ಹೆಚ್ಚುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಮಳೆಗಾಲದಲ್ಲಿ ದೋಣಿ ಇಳಿಯದಾಗ ಇಲ್ಲಿ ಒಣಮೀನು, ಊರಿನಿಂದ ಬಂದ ಉಪ್ಪಿನಕಾಯಿ ನಮ್ಮ ಊಟದ ಆಧಾರ. ಬಿಡಿ ಎಂದು ನಾವು ಹೇಳುವುದಿಲ್ಲ, ಹೇಳಿದರೆ ಯಾರೂ ಕೇಳುವುದೂ ಇಲ್ಲ. ಮೀನನ್ನು ಎರಡು ಸಲ ನೀರಿನಲ್ಲಿ ನೆನೆಸಿ ಉಪ್ಪು ತೆಗೆದು ಮಾಡಿ, ಅದರ ಜತೆ ಹರಿವೆ, ಬಸಳೆ, ಹೀರೆ ಏನಾದರೂ ಹಸಿ ತರಕಾರಿ ಇರಲಿ. ಬಾಡಿಗೆ ಕೋಣೆಯ ಹಿಂದೆ ಎರಡು ಗೋಣಿಚೀಲದ ಮಣ್ಣಿದ್ದರೂ ಬಸಳೆ ಬರುತ್ತದೆ. ಬೀಡಿ ಸಿಗರೇಟನ್ನು ಮಾತ್ರ ಬಿಡಲೇಬೇಕು. ಧೂಮಪಾನ ಶ್ವಾಸಕೋಶವನ್ನು ಮಾತ್ರವಲ್ಲ, ಜಠರವನ್ನೂ ಕೆಡಿಸುತ್ತದೆ.

ಎಲ್ಲಿಗೆ ಹೋಗಬೇಕು? ಡಿಚೋಲಿಯ ಸಮುದಾಯ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಚೀಟಿ ಪಡೆಯುವುದು ಸರಿಯಾದ ದಾರಿ. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದ ವೈದ್ಯಶಾಲೆಯ ಮುಂದುವರಿಕೆ ಅದು. ಗೋವೆಯಲ್ಲಿ ಐದು ವರ್ಷ ವಾಸವಾದ ಕುಟುಂಬಗಳಿಗೆ 2016ರಲ್ಲಿ ಬಂದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡು ಸಿಗುತ್ತದೆ. ವಾಸದ ದಾಖಲೆ ಇದ್ದೂ ಮಾಡಿಸದವರು ರೋಗ ಬರುವ ಮೊದಲೇ ಮಾಡಿಸಿಕೊಳ್ಳಬೇಕು. ಕಾರ್ಡಿಲ್ಲದ ಹೊರರಾಜ್ಯದವರಿಗೆ ಆ ಆಸ್ಪತ್ರೆಯಲ್ಲಿ 2018ರ ಜನವರಿಯಿಂದ ಶುಲ್ಕ ಗೊತ್ತುಪಡಿಸಲಾಯಿತು. ಅಂಥವರು ಊರಿನ ಪಡಿತರ ಚೀಟಿ, ಆಯುಷ್ಮಾನ್ ಕಾರ್ಡು ಹಿಡಿದು ಚೋರ್ಲಾ ಘಾಟಿನ ಮೇಲೆ ಬೆಳಗಾವಿಗೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಅಥವಾ ಬೆಂಗಳೂರಿನ ಕಿದ್ವಾಯಿಗೆ ಹೋಗಬಹುದು. ಇಲ್ಲಿ ಮಾಡಿಸಿದ ದುರ್ಬೀನಿನ ವರದಿಯ ಜತೆಗೆ ಬಯಾಪ್ಸಿಯ ಮೇಣದ ತುಂಡು ಮತ್ತು ಗಾಜಿನ ಪಟ್ಟಿಗಳನ್ನೂ ಕೇಳಿ ಒಯ್ಯಬೇಕು, ಇಲ್ಲವಾದರೆ ಅಲ್ಲಿ ಮತ್ತೆ ಮೊದಲಿನಿಂದ.

ಜಠರವಿಲ್ಲದೆ ಬದುಕುವುದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಬದುಕಬಹುದು, ಕೆಲಸವನ್ನೂ ಮಾಡಬಹುದು. ಆದರೆ ಉಗ್ರಾಣವಿಲ್ಲದ ಮನೆಯಂತೆ, ದಿನಸಿಯನ್ನು ಸ್ವಲ್ಪ ಸ್ವಲ್ಪವೇ ತರಬೇಕು. ದಿನಕ್ಕೆ ಎರಡು ದೊಡ್ಡ ಊಟದ ಬದಲು ಆರು ಸಣ್ಣ ಊಟ. ಗಟ್ಟಿ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಚೆನ್ನಾಗಿ ಅಗಿದು ತಿನ್ನಬೇಕು. ನೀರನ್ನು ಊಟದ ಜತೆಗಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಪಾಯಸ, ಬೆಲ್ಲ, ಸಕ್ಕರೆ ಪಾನಕ ಒಮ್ಮೆಲೇ ಹೊಟ್ಟೆಗೆ ಹೋದರೆ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ತಲೆಸುತ್ತು, ಭೇದಿ ಬರುತ್ತದೆ. ಅದು ಹೃದಯದ ರೋಗವಲ್ಲ, ಸಿಹಿ ನೇರ ಕರುಳಿಗೆ ಸುರಿದದ್ದರ ಫಲ. ಸ್ವಲ್ಪ ಹೊತ್ತು ಮಲಗಿದರೆ ಇಳಿಯುತ್ತದೆ. ತಪಸ್ಸುಕಾಲದಲ್ಲಿ ಇಂಥವರು ಉಪವಾಸ ಮಾಡಕೂಡದು. ರೋಗಿಗಳಿಗೆ ಆ ನಿಯಮದಿಂದ ವಿನಾಯಿತಿ ಇದ್ದೇ ಇದೆ, ಸಂಕೋಚ ಬೇಡ.

ಕೊನೆಯದಾಗಿ ಊರಿಗೆ ಮರಳಿದವರು ಮರೆತುಬಿಡುವ ವಿಷಯ. ಬಿ-12 ಜೀವಸತ್ವ ರಕ್ತಕ್ಕೆ ಸೇರಲು ಜಠರದಲ್ಲಿ ತಯಾರಾಗುವ ಒಂದು ವಸ್ತು ಬೇಕು. ಜಠರವನ್ನು ಪೂರ್ತಿ ತೆಗೆದವರಲ್ಲಿ ಅದು ಇರುವುದಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟದ್ದು ಎರಡು ಮೂರು ವರ್ಷ ಸಾಗುತ್ತದೆ, ಆದುದರಿಂದ ಚುಚ್ಚುಮದ್ದು ಬಿಟ್ಟರೂ ತಕ್ಷಣ ಏನೂ ಆಗುವುದಿಲ್ಲ. ಆಮೇಲೆ ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಮರೆವು ಬರುತ್ತದೆ. ಕ್ಯಾನ್ಸರ್ ಮರಳಿತೆಂದು ಮನೆಯವರು ಕೈಚೆಲ್ಲುತ್ತಾರೆ. ಒಂದು ಸಾವಿರ ಮೈಕ್ರೊಗ್ರಾಮಿನ ಈ ಚುಚ್ಚುಮದ್ದು ಅಗ್ಗದ್ದು, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಹಾಕಿಸಿಕೊಳ್ಳಬಹುದು. ಒಂದರಿಂದ ಮೂರು ತಿಂಗಳಿಗೊಮ್ಮೆ, ವೈದ್ಯರು ಹೇಳಿದಂತೆ, ಜೀವನಪರ್ಯಂತ ಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಮುಂದಿನ ತಾರೀಖುಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳ್ಳೆಯದು.